ಅರೆಸ್ಟ್ ಅಲ್ಲ, ಬರೀ ಕೂರಿಸಿದ್ದೀವಿ

ಈಚೆಗೆ ತರಬೇತಿ ಮುಗಿಸಿ ಠಾಣೆಗೆ ಬರುವ ಹುಡುಗಿಯರನ್ನು ನೋಡಿದರೆ ನನಗೆ, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚು. ಪ್ಯಾಂಟು, ಶರ್ಟು, ಬೂಟು, ಬಿಗಿಯಾಗಿ ಕಟ್ಟಿದ ಕೂದಲ ಗಂಟು. ಸ್ಕೂಟರಿನಲ್ಲಿ ಬಂದು ಠಾಣೆ ಮುಂದೆ ಗಕ್ಕನೆ ನಿಲ್ಲಿಸಿ, ಕೀ ತಿರುಗಿಸಿಕೊಂಡು ಒಳಗೆ ಹೋಗುತ್ತಾರೆ. ನಾನು ಸೇರಿದ ತೊಂಬತ್ತರ ದಶಕದ ಆರಂಭದಲ್ಲಿ ನಮಗೆ ಖಾಕಿ ಸೀರೆ. ಕಳ್ಳನ ಹಿಂದೆ ಓಡಬೇಕಾದರೆ ಮೊದಲು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಬೇಕು. ಅಷ್ಟರಲ್ಲಿ ಅವನು ಕಬಿನಿ ನಾಲೆ ದಾಟಿ ಆಚೆ ದಡದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಈ ವರ್ಷ ಕಾನ್‌ಸ್ಟೇಬಲ್ ಕೆಲಸ ಸಿಕ್ಕಿದೆ. ಸಿಹಿ ಕೊಡಲು ಬಂದವಳು, "ಆಂಟಿ, ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಎಂದು ಕೇಳಿದಳು. ಎರಡು ಮಾತಿನಲ್ಲಿ ಮುಗಿಸೋಣ ಅಂದುಕೊಂಡೆ. ಒಲೆ ಮೇಲಿದ್ದ ಸಾರು ಸೀದುಹೋಗುವ ತನಕ ಮಾತಾಡಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಯಾವಾಗ ಹೆಡ್ ಕಾನ್‌ಸ್ಟೇಬಲ್ ಆದೆ, ಯಾವಾಗ ಎಎಸ್‌ಐ ಆದೆ ಅನ್ನುವ ಕಥೆಯೆಲ್ಲ ಇಲ್ಲಿ ಬರುವುದಿಲ್ಲ. ಅದು ಎಲ್ಲರಿಗೂ ಆಗುತ್ತದೆ, ತಲೆ ಬಗ್ಗಿಸಿಕೊಂಡು ಕಾದಿದ್ದರೆ ಸಾಕು. ಯಾವ ಠಾಣೆ, ಯಾವ ಸಾಹೇಬರು ಎಂದೂ ಹೇಳುವುದಿಲ್ಲ. ನಂಜನಗೂಡು, ಟಿ. ನರಸೀಪುರ, ಈ ಎರಡು ತಾಲ್ಲೂಕಿನ ಒಳಗೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಆ ಸಾಹೇಬರುಗಳೆಲ್ಲ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಆಡಿಸಿಕೊಂಡಿರಲಿ.

ಆಗ ನಮ್ಮ ಸುತ್ತಿನ ಎಷ್ಟೋ ಠಾಣೆಗಳಲ್ಲಿ ಹೆಂಗಸು ಪೊಲೀಸೇ ಇರಲಿಲ್ಲ. ಹೆಂಗಸರನ್ನು ಮುಟ್ಟಬೇಕಾದರೆ, ತಪಾಸಣೆ ಮಾಡಬೇಕಾದರೆ, ಕೋರ್ಟಿಗೆ ಕರೆದುಕೊಂಡು ಹೋಗಬೇಕಾದರೆ ಹೆಂಗಸು ಪೊಲೀಸೇ ಬೇಕು. ಹಾಗಾಗಿ ನನ್ನನ್ನು ಒಂದು ಠಾಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ನಂಜನಗೂಡಿನಲ್ಲಿ ಬೆಳಿಗ್ಗೆ ರೋಲ್ ಕಾಲ್ ಮುಗಿಸುವಷ್ಟರಲ್ಲಿ ವೈರ್‌ಲೆಸ್‌ನಲ್ಲಿ "ಲೇಡಿ ಪಿಸಿ ಕಳ್ಸಿ" ಎಂದು ಬರುತ್ತಿತ್ತು, ಪಿಸಿ ಅಂದರೆ ಪೊಲೀಸ್ ಕಾನ್‌ಸ್ಟೇಬಲ್. ನನ್ನ ಹೆಸರು ಹಿಡಿದು, ರತ್ನಮ್ಮನನ್ನು ಕಳಿಸಿ ಎಂದು ಯಾರೂ ಹೇಳಿದ್ದಿಲ್ಲ. ಕಚೇರಿಯಲ್ಲಿ ರಬ್ಬರ್ ಸ್ಟಾಂಪು ಸಿಗದಿದ್ದಾಗ ಪಕ್ಕದ ಕಚೇರಿಯಿಂದ ತರಿಸಿಕೊಳ್ಳುತ್ತಾರಲ್ಲ, ಹಾಗೆ. ನಾನು ಬಸ್ಸು ಹತ್ತಿ ಹೋಗಿ ಪಕ್ಕದಲ್ಲಿ ನಿಂತರೆ ಆ ಕೆಲಸ ಕಾನೂನು ಪ್ರಕಾರ ನಡೆದಂತೆ ಲೆಕ್ಕ.

ಹೀಗೆ ಓಡಾಡುವವಳಿಗೆ ದೊಡ್ಡ ಸಮಸ್ಯೆ ಯಾವುದು ಗೊತ್ತೇ? ಕಳ್ಳರಲ್ಲ, ಶೌಚಾಲಯ. ಠಾಣೆ ಕಟ್ಟಿಸಿದ ಪುಣ್ಯಾತ್ಮರಿಗೆ ಮುಂದೊಂದು ದಿನ ಇಲ್ಲಿ ಹೆಂಗಸರೂ ಕೆಲಸ ಮಾಡಬಹುದು ಎನ್ನುವುದು ಹೊಳೆದೇ ಇರಲಿಲ್ಲ. ಪ್ರತಿ ಠಾಣೆಯ ಪಕ್ಕದಲ್ಲೂ ನನಗೆ ಒಂದೊಂದು ಮನೆ ಗೊತ್ತಿತ್ತು. ಒಂದು ಕಡೆ ಹಿಟ್ಟಿನ ಗಿರಣಿಯವರ ಮನೆ, ಇನ್ನೊಂದು ಕಡೆ ಟೀಚರಮ್ಮನ ಮನೆ. ಆ ತಾಯಂದಿರು ಸರ್ಕಾರಕ್ಕೆ ಮಾಡಿದ ಉಪಕಾರ ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ.

ಒಮ್ಮೆ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಹೆಣ್ಣುಮಕ್ಕಳು ಗೇಟಿನ ಮುಂದೆ ಕುಳಿತುಬಿಟ್ಟರು. ಎಬ್ಬಿಸಲು ಗಂಡಸು ಪೊಲೀಸರು ಹೋಗುವಂತಿಲ್ಲ, ಲೇಡಿ ಪಿಸಿ ಕಳ್ಸಿ. ನಾನು ಹೋದೆ. ಬಿಸಿಲಲ್ಲಿ ಮಧ್ಯಾಹ್ನದವರೆಗೂ ಅವರ ಮುಂದೆ ನಿಂತೆ. "ಏಳ್ರಮ್ಮ, ಏಳ್ರಮ್ಮ" ಅನ್ನುವುದು, ಅವರು ಕೊಟ್ಟ ಮಜ್ಜಿಗೆ ಕುಡಿಯುವುದು, ಮತ್ತೆ "ಏಳ್ರಮ್ಮ" ಅನ್ನುವುದು. ಮಜ್ಜಿಗೆ ತನ್ನ ಕೆಲಸ ಮಾಡದೆ ಬಿಡುತ್ತದೆಯೇ? ಕೊನೆಗೆ ನಾಚಿಕೆ ಬಿಟ್ಟು ಅವರಲ್ಲೇ ಒಬ್ಬಳ ಕಿವಿಯಲ್ಲಿ, "ಒಳಗೆ ಲೇಡೀಸ್ ಟಾಯ್ಲೆಟ್ ಎಲ್ಲಮ್ಮ?" ಎಂದು ಕೇಳಿದೆ. ಅವಳು ಹೋ ಎಂದು ನಕ್ಕು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

"ಮೇಡಮ್ಮು ಟಾಯ್ಲೆಟ್ ಎಲ್ಲದೆ ಅಂತಾವ್ರೆ ಕಣ್ರೇ! ಅದಿಲ್ಲ ಅಂತ್ಲೇ ಮೇಡಂ ನಾವ್ ಇಲ್ ಕುಂತಿರೋದು!"

ಆಮೇಲೆ ನಾನು ಅವರನ್ನು ಎಬ್ಬಿಸಲು ಹೋಗಲಿಲ್ಲ. ಗೇಟಿನ ಒಳಗೆ ಹೋಗಿ ಮ್ಯಾನೇಜರ್ ಎದುರು ನಿಂತು, ಇದು ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ ಎಂದು ಗಂಭೀರವಾಗಿ ಹೇಳಿದೆ. ಅವರ ಸ್ವಂತ ಬಚ್ಚಲಿನ ಬೀಗ ತೆಗೆದುಕೊಟ್ಟರು. ಹೊರಗಿದ್ದವರು ಅದನ್ನು ನೋಡಿ, ಪೊಲೀಸಿಗೆ ತೆಗೆದ ಬೀಗ ನಮಗೂ ತೆಗೆಯಿರಿ ಎಂದು ಹಟ ಹಿಡಿದರು. ಸಂಜೆಯೊಳಗೆ ಮಾತುಕತೆ ಮುಗಿಯಿತು. ನಾನು ಜಾಣ್ಮೆಯಿಂದ ಗುಂಪು ಚದುರಿಸಿದೆ ಎಂದು ನಮ್ಮ ಸಾಹೇಬರು ಮೆಚ್ಚಿಕೊಂಡರು. ಮಜ್ಜಿಗೆಯ ವಿಷಯ ನಾನೂ ಹೇಳಲಿಲ್ಲ.

ಎಡವಟ್ಟುಗಳೂ ಬೇಕಾದಷ್ಟಿವೆ. ನಂಜನಗೂಡಿನಲ್ಲಿ ಹೊಳೆ ಸ್ನಾನಕ್ಕೆ ಬಂದವರ ಬಟ್ಟೆಗಂಟುಗಳು ಮಾಯವಾಗುತ್ತಿವೆ ಎಂದು ನನ್ನನ್ನು ಮಫ್ತಿಯಲ್ಲಿ ಮೆಟ್ಟಿಲ ಮೇಲೆ ಕೂರಿಸಿದ್ದರು. ಒಬ್ಬ ಅಜ್ಜಿ ಆ ಕಡೆ ಈ ಕಡೆ ನೋಡಿ ಒಂದು ಗಂಟು ಎತ್ತಿಕೊಂಡರು. ಹಾರಿ ಹೋಗಿ ಕೈ ಹಿಡಿದೆ. ಅಜ್ಜಿ ನಮ್ಮ ಕೋರ್ಟಿನ ಸರ್ಕಾರಿ ವಕೀಲರ ಅತ್ತೆ, ಗಂಟು ಅಜ್ಜಿಯ ಸೊಸೆಯದು. ವಕೀಲರು ನಗುತ್ತಲೇ ಕ್ಷಮಿಸಿದರು. ಅಜ್ಜಿ ಮಾತ್ರ ಮುಂದೆ ನನ್ನನ್ನು ಎಲ್ಲಿ ಕಂಡರೂ ಕೈಚೀಲ ಎದೆಗವಚಿಕೊಂಡು, "ಇದು ನಂದೇ ಕಣಮ್ಮ, ಬೇಕಾದ್ರೆ ನೋಡ್ಕೊ" ಅನ್ನುತ್ತಿದ್ದರು. ಆಚೆ ದಡದಲ್ಲಿ ಅದೇ ಹೊತ್ತಿಗೆ ನಿಜವಾದ ಕಳ್ಳಿ ಇನ್ನೊಂದು ಗಂಟು ಎತ್ತಿಕೊಂಡು ಹೋಗಿದ್ದಳು ಅನ್ನುವುದು ಬೇರೆ ಮಾತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ತರಬೇತಿಗಳು ಶುರುವಾದವು. ಒಂದು ಸಲ ನಂಜನಗೂಡಿನ ಒಂದು ಕಲ್ಯಾಣಮಂಟಪದಲ್ಲಿ ಎರಡೂ ತಾಲ್ಲೂಕಿನ ಪೊಲೀಸರನ್ನು ಕಲೆಹಾಕಿ ಮಾನವ ಹಕ್ಕುಗಳ ಬಗ್ಗೆ ಪಾಠ ಮಾಡಿದರು. ಪಾಠ ಮಾಡಲು ಬಂದಿದ್ದ ಮೇಷ್ಟ್ರು ವಯಸ್ಸಿನಲ್ಲಿ ಚಿಕ್ಕವರು, ದೇಶ ವಿದೇಶ ಓಡಾಡಿದವರು, ಒಳ್ಳೆಯವರು. ಊಟಕ್ಕೆ ಹೋಳಿಗೆ ಇಟ್ಟು ಊಟವಾದ ಮೇಲೆ ಪಾಠ ಇಟ್ಟಿದ್ದು ಮಾತ್ರ ಅವರ ದುರದೃಷ್ಟ. ಅರ್ಧ ಮಂಟಪ ನಿದ್ದೆಯಲ್ಲಿತ್ತು. ಅವರು ಭೂಪಟದ ಮೇಲೆ ಕೋಲು ಇಟ್ಟು, ಈ ದೇಶದಲ್ಲಿ ಜನರನ್ನು ಹಿಡಿದು ಎಲ್ಲಿಟ್ಟಿದ್ದಾರೆ ಅಂತಲೇ ಹೇಳುತ್ತಿರಲಿಲ್ಲ, ಆ ದೇಶದಲ್ಲಿ ಬೇಕಾದವನು ಸಿಗದಿದ್ದರೆ ಅವನ ತಾಯಿಯನ್ನೋ ಹೆಂಡತಿಯನ್ನೋ ಹಿಡಿದುಕೊಂಡು ಹೋಗುತ್ತಿದ್ದರು ಎಂದೆಲ್ಲ ಹೇಳಿದರು. ಕೇಳಿ ನಮಗೂ ಸಂಕಟವಾಯಿತು. ನನ್ನ ಮುಂದಿನ ಸಾಲಿನ ಹಳೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಎದ್ದು ನಿಂತು, "ಛೆ ಛೆ, ಎಂಥ ಜನ ಸಾ ಅವ್ರು! ನಮ್ಮಲ್ಲಿ ಹಂಗೆಲ್ಲ ಇಲ್ಲ. ನಾವು ಹಿಡಿಯಲ್ಲ, ಬರೀ ಕೂರಿಸ್ತೀವಿ ಅಷ್ಟೆ" ಅಂದರು.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಮಗೆಲ್ಲ ಅರ್ಥವಾಯಿತು. ನಿದ್ದೆಯಲ್ಲಿದ್ದವರೂ ಎದ್ದು ಕುಳಿತರು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇದನ್ನು ಬಿಡಿಸಿ ಹೇಳಬೇಕು, ಪುಸ್ತಕದಲ್ಲಿ ಸಿಗುವುದಿಲ್ಲ. ಒಬ್ಬ ಆರೋಪಿ ತಲೆ ತಪ್ಪಿಸಿಕೊಂಡ ಅನ್ನಿ. ಜೀಪು ಅವನ ಮನೆಗೆ ಹೋಗುತ್ತದೆ. ಅವನಿಲ್ಲ, ಹೆಂಡತಿ ಇದ್ದಾಳೆ, ಇಲ್ಲವೇ ಅಪ್ಪ ಇದ್ದಾನೆ. ಅವರನ್ನು ಜೀಪಿಗೆ ಹತ್ತಿಸಿಕೊಂಡು ಬಂದು ಠಾಣೆಯ ಬೆಂಚಿನ ಮೇಲೆ ಕೂರಿಸುವುದು. ಕೇಸಿಲ್ಲ, ಬರವಣಿಗೆ ಇಲ್ಲ, ಬೈಗುಳವೂ ಇಲ್ಲದಿರಬಹುದು. ಸುದ್ದಿ ತಲುಪಿ ಆರೋಪಿ ತಾನಾಗಿ ಬಂದರೆ ಇವರನ್ನು ಕಳಿಸುವುದು. ಅದಕ್ಕೆ ನಮ್ಮ ಹೆಸರು 'ಕೂರಿಸೋದು'. ವಿಚಾರಣೆಗೆ ಅಂತ ಹೆಂಗಸರನ್ನು ಠಾಣೆಗೆ ಕರೆಸುವಂತೆಯೇ ಇಲ್ಲ, ಏನು ಕೇಳುವುದಿದ್ದರೂ ಅವರ ಮನೆಗೇ ಹೋಗಿ ಕೇಳಬೇಕು ಎಂದು ಕಾನೂನಿನಲ್ಲಿ ಆಗಲೇ ಇತ್ತು. ಇದ್ದರೇನು, ಅದನ್ನು ತೆಗೆದು ಓದುವ ತೊಂದರೆ ನಾವು ಯಾರೂ ತೆಗೆದುಕೊಂಡಿರಲಿಲ್ಲ.

ಅವತ್ತು ಆ ಮೇಷ್ಟ್ರಿಗೆ ನಾನು ಚಿಕ್ಕತಾಯಮ್ಮನ ಕಥೆ ಹೇಳಿದೆ. ಅದು ಆ ತರಬೇತಿಗಿಂತ ಕೆಲವು ವರ್ಷ ಮೊದಲು, ತೊಂಬತ್ತರ ದಶಕದ ಕೊನೆಯಲ್ಲಿ ನಡೆದದ್ದು.

ಬನ್ನೂರಿನ ಕಡೆಯ ಒಂದು ಹಳ್ಳಿಯಲ್ಲಿ ನಾಲೆ ನೀರಿಗೆ ಜಗಳವಾಗಿತ್ತು. ಭತ್ತದ ನಾಟಿಯ ಕಾಲದಲ್ಲಿ ಆ ಕಡೆ ತೂಬು ಯಾರು ಎತ್ತಬೇಕು, ಯಾರು ಇಳಿಸಬೇಕು ಎಂದು ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ನಿಂಗರಾಜು ಅನ್ನುವವನು ಗುದ್ದಲಿ ಕಾವಿನಿಂದ ಹೊಡೆದು ಒಬ್ಬ ಹುಡುಗನ ತೋಳಿನ ಮೂಳೆ ಮುರಿದುಬಿಟ್ಟ. ಆ ಹುಡುಗ ಊರ ಯಜಮಾನರ ಅಣ್ಣನ ಮಗ. ನಿಂಗರಾಜು ಗುದ್ದಲಿ ಅಲ್ಲೇ ಬಿಸಾಡಿ ಓಡಿಹೋದ. ಮಾರನೆಯ ಬೆಳಿಗ್ಗೆ ಜೀಪು ಹೋಗಿ ಕೊಟ್ಟಿಗೆ ಬಾಚುತ್ತಿದ್ದ ಅವನ ಹೆಂಡತಿ ಚಿಕ್ಕತಾಯಮ್ಮನನ್ನು ಕರೆತಂದಿತು. ಎಂದಿನಂತೆ ವೈರ್‌ಲೆಸ್ ಬಂತು, ನಾನು ಬಸ್ಸು ಹತ್ತಿ ಹೋದೆ.

ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಕೈಗೆ ಮೆತ್ತಿದ್ದ ಸಗಣಿ ಒಣಗಿ ಬಿರುಕು ಬಿಟ್ಟಿತ್ತು, ತೊಳೆದುಕೊಳ್ಳುವುದಕ್ಕೂ ಬಿಟ್ಟಿರಲಿಲ್ಲ. ನಾನು ಮಾಡಿದ ಮೊದಲ ಕೆಲಸ ಅವಳನ್ನು ಹಿತ್ತಲ ನಲ್ಲಿಗೆ ಕರೆದುಕೊಂಡು ಹೋದದ್ದು. ಕೈ ತೊಳೆಯುತ್ತಾ ಕೇಳಿದಳು:

"ಕತ್ತಲಾಗೋದ್ರೊಳಗೆ ಕಳುಸ್ತಾರಾ ಪೋಲೀಸಮ್ಮ?"

"ನಿಮ್ಮ ಮನೆಯವರು ಬಂದ್ರೆ ಕಳಿಸ್ತಾರಮ್ಮ."

"ಅವ್ನು ಎಲ್ಲವ್ನೋ ನಂಗೇನ್ ಗೊತ್ತು? ಗೊತ್ತಿದ್ರೆ ನಾನೇ ನಾಕ್ ಬಡ್ದು ತಂದು ಬುಡ್ತಿದ್ದೆ." ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಅಂದಳು, "ನೀವ್ ಒಡೀರಿ, ಬೋಯಿರಿ, ತಡ್ಕತೀನಿ. ರಾತ್ರಿ ಮಾತ್ರ ಇಕ್ಕೋಬ್ಯಾಡಿ ಕಣ್ರವ್ವ. ನಮ್ಮೂರ್ನಲ್ಲಿ ಒಬ್ಳು ಇಂಗೇ ಒಂದ್ ರಾತ್ರಿ ಟೇಸನ್‌ನಲ್ಲಿದ್ದು ಬಂದ್ಳು. ಅತ್ತೆ ಒಲೆ ಮುಟ್ಟಕೆ ಬುಡ್ಲಿಲ್ಲ. ಗಂಡ ಮಾತಾಡ್ಸ್ಲಿಲ್ಲ. ತೌರಿಗೆ ಓದೋಳು ಇವತ್ತಿನಗಂಟ ಬಂದಿಲ್ಲ. ನಂಗೆ ತೌರೂ ಇಲ್ಲ."

ಆಮೇಲೆ ಹಸುವಿನ ಮಾತು ಬಂತು. ಮನೆಯಲ್ಲಿ ಎರಡು ಸೀಮೆ ಹಸು, ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತವೆ, ಸಂಜೆ ಡೈರಿಗೆ ಹಾಲು ಹಾಕಬೇಕು. ಹಸುವಿನ ಬಗ್ಗೆ ಹೇಳುವಾಗ ಕಣ್ಣಲ್ಲಿ ನೀರು ಬಂತು, ತನ್ನ ಬಗ್ಗೆ ಹೇಳುವಾಗ ಬಂದಿರಲಿಲ್ಲ.

ಆ ಠಾಣೆಯ ಸಾಹೇಬರು ಕೆಟ್ಟವರೇನಲ್ಲ ಅನ್ನುವುದನ್ನೂ ಹೇಳಬೇಕು. ಹೋಟೆಲಿನಲ್ಲಿ ಬಿಟ್ಟಿ ಕಾಫಿ ಕುಡಿದವರಲ್ಲ. ಚಿಕ್ಕತಾಯಮ್ಮನಿಗೂ ತಾವೇ ಇಡ್ಲಿ ತರಿಸಿಕೊಟ್ಟಿದ್ದರು, ಅವಳು ಮುಟ್ಟಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಆ ಊರ ಯಜಮಾನರು ಅವರ ಎದುರಿನ ಕುರ್ಚಿಯಲ್ಲೇ ಠಿಕಾಣಿ ಹೂಡಿದ್ದರು. ಬಿಳಿ ಪಂಚೆ, ಮಡಿಲಲ್ಲಿ ಟವೆಲ್ಲು. ನಾನು ಒಳಗೆ ಹೋಗಿ, "ಸಾ, ಸಂಜೆ ಒಳಗೆ ಆ ಹೆಂಗಸನ್ನ ಕಳಿಸಿಬಿಡೋಣ್ವಾ?" ಅಂದೆ. ಸಾಹೇಬರು ಉತ್ತರ ಕೊಡುವ ಮೊದಲೇ ಯಜಮಾನರು ಕೊಟ್ಟರು:

"ಅವ್ಳು ಇಲ್ಲಿದ್ರೇ ಅವ್ನು ಬರಾದು ಕಣಮ್ಮ. ಒಂದ್ ರಾತ್ರಿ ಇರ್ಲಿ, ಬೆಳಿಗ್ಗೆ ಓಡ್ಕೊಂಡ್ ಬತ್ತಾನೆ."

ಸಾಹೇಬರು ನನ್ನ ಕಡೆ ನೋಡದೆ, "ಊಟ ಕೊಟ್ಟಿಲ್ವಾ? ಹೊಡೆದಿದ್ದೀವಾ? ಬರೀ ಕೂರಿಸಿದ್ದೀವಿ. ರಾತ್ರಿ ನೀವೇ ಜೊತೇಲಿರಿ, ಲೇಡಿ ಪಿಸಿ ಇದ್ರೆ ಯಾರೂ ಏನೂ ಕೇಳೋ ಹಾಗಿಲ್ಲ" ಅಂದರು.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ. ಹೆಂಗಸರಿಗೆ ತೊಂದರೆಯಾಗದಿರಲಿ ಎಂದು ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು, ಈಗ ನಾನಿರುವ ಧೈರ್ಯದ ಮೇಲೆ ಒಬ್ಬ ಹೆಂಗಸನ್ನು ರಾತ್ರಿಯಿಡೀ ಕೂರಿಸುವುದಕ್ಕೆ ಹೊರಟಿದ್ದರು. ನಾನು ಬಂದಿರದಿದ್ದರೆ ಅವಳು ಸಂಜೆ ಮನೆಗೆ ಹೋಗುತ್ತಿದ್ದಳೋ ಏನೋ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಆಗ ನನಗಿರಲಿಲ್ಲ. ನನ್ನ ಗಂಡನಿಗೆ ಟೈಲರಿಂಗ್ ಕೆಲಸ, ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ನನ್ನ ಸಂಬಳದಲ್ಲಿ. ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

ಆ ದಿನಗಳಲ್ಲೇ ಸುಪ್ರೀಂ ಕೋರ್ಟು ಹೇಳಿದೆ ಎಂದು ಮೇಲಿನಿಂದ ಆದೇಶ ಬಂದು, ಬಂಧಿತರ ಹಕ್ಕುಗಳು ಯಾವುವು ಎಂದು ದೊಡ್ಡ ಬೋರ್ಡು ಬರೆಸಿ ಠಾಣೆಯಲ್ಲಿ ಹಾಕಿದ್ದರು. ಎಲ್ಲಿ ಹಾಕುವುದು? ಒಂದು ಗೋಡೆಯಲ್ಲಿ ತಾಲ್ಲೂಕಿನ ನಕ್ಷೆ, ಒಂದು ಗೋಡೆಯಲ್ಲಿ ಹಳೆಯ ಕಳ್ಳರ ಫೋಟೋ, ಒಂದು ಗೋಡೆಯಲ್ಲಿ ದೇವರು ಮತ್ತು ಕ್ಯಾಲೆಂಡರು. ಖಾಲಿ ಇದ್ದದ್ದು ಬೆಂಚಿನ ಮೇಲಿನ ಗೋಡೆ ಒಂದೇ. ಅಲ್ಲಿ ಕುಳಿತವರಿಗೆ ಅದು ಬೆನ್ನ ಹಿಂದೆ ಬರುತ್ತಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಚಿಕ್ಕತಾಯಮ್ಮ ಮೂಗು ಎಳೆದುಕೊಂಡು ಹಿಂದೆ ತಿರುಗಿ ನೋಡಿದಳು.

"ಏನವ್ವ ಬರ್ದಿರಾದು ಇಷ್ಟುದ್ದ? ವಸಿ ಓದಿ. ಒತ್ತೇ ಓಗಾಕಿಲ್ಲ."

ನನಗೂ ಹೊತ್ತು ಹೋಗುತ್ತಿರಲಿಲ್ಲ. ಎದ್ದು ನಿಂತು ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದೆ. "ದಸ್ತಗಿರಿ ಮಾಡಲ್ಪಟ್ಟ ವ್ಯಕ್ತಿಗೆ ದಸ್ತಗಿರಿಯ ಕಾರಣವನ್ನು ಕೂಡಲೇ ತಿಳಿಸತಕ್ಕದ್ದು. ಸದರಿ ವಿಷಯವನ್ನು ಅವರ ಬಂಧುಗಳಿಗೆ ತಿಳಿಸತಕ್ಕದ್ದು. ಇಪ್ಪತ್ತನಾಲ್ಕು ಗಂಟೆಗಳ ಒಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸತಕ್ಕದ್ದು. ದೈಹಿಕ ಹಿಂಸೆ ನೀಡತಕ್ಕದ್ದಲ್ಲ." ನಿಜ ಹೇಳುತ್ತೇನೆ, ಹೋದ ಠಾಣೆಗಳಲ್ಲೆಲ್ಲ ಅಂಥದ್ದರ ಕೆಳಗೆ ಓಡಾಡಿದ್ದರೂ ಪೂರ್ತಿ ಓದಿದ್ದು ನಾನೂ ಅವತ್ತೇ ಮೊದಲು.

"ದಸ್ತಗಿರಿ ಅಂದ್ರೆ?"

"ಅರೆಸ್ಟು. ಪೊಲೀಸರು ಹಿಡಿಯೋದು."

"ನನ್ನ ಯಾಕ್ ಇಡುದ್ರಿ ಅಂತ ಯಾರೂ ಯೋಳ್ನಿಲ್ವಲ್ಲ ಮತ್ತೆ?"

ಎದುರಿನ ಮೇಜಿನಲ್ಲಿ ರೈಟರ್ ಗುರುಸ್ವಾಮಿ ಕುಳಿತಿದ್ದರು. ರೈಟರ್ ಅಂದರೆ ಠಾಣೆಯ ಬರವಣಿಗೆಯೆಲ್ಲ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೇಬಲ್. ಹಣೆ ತುಂಬ ವಿಭೂತಿ, ಮಾತು ಕಡಿಮೆ. ತಲೆ ಎತ್ತದೆಯೇ ಅವರು ಉತ್ತರ ಕೊಟ್ಟರು.

"ನಿನ್ನ ಹಿಡಿದಿಲ್ಲ ಕಣಮ್ಮ. ಬರೀ ಕೂರಿಸಿದ್ದೀವಿ."

"ಇಡ್ದಿಲ್ವಾ?"

"ಇಲ್ಲ."

"ಎಲ್ಲೂ ಬರ್ಕೊಂಡಿಲ್ವಾ?"

"ಇಲ್ಲ ಅಂದ್ನಲ್ಲ, ಏನ್ ಬರ್ಕೊಳ್ಳೋದು? ನೀನೇನ್ ಮಾಡಿದ್ದೀಯ?"

ಚಿಕ್ಕತಾಯಮ್ಮ ಯೋಚನೆ ಮಾಡಿದಳು. ಅವಳ ಮುಖದಲ್ಲಿ ಕುಚೋದ್ಯವೇನೂ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದಳು.

"ಅಂಗಾರೆ, ನಾ ಎದ್ ಓದ್ರೆ?"

ಗುರುಸ್ವಾಮಿಯವರ ಪೆನ್ನು ನಿಂತಿತು. ಬಾಗಿಲ ಬಳಿ ಬೀಡಿ ಹಚ್ಚುತ್ತಿದ್ದ ಕಾನ್‌ಸ್ಟೇಬಲ್ ಕಡ್ಡಿ ಆರಿಸಿದ. ಒಳಗಿನಿಂದ ಸಾಹೇಬರು ಎದ್ದು ಬಂದು ಬಾಗಿಲಲ್ಲಿ ನಿಂತರು, ಅವರ ಹಿಂದೆ ಯಜಮಾನರು. ಇಷ್ಟು ವರ್ಷ ಎಷ್ಟು ಜನರನ್ನು ಆ ಬೆಂಚಿನ ಮೇಲೆ ಕೂರಿಸಿದ್ದೆವು, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

ಯಾರೂ ಮಾತಾಡದಿದ್ದದ್ದನ್ನು ನೋಡಿ ಅವಳು ಎದ್ದಳು. ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. ಸಾಹೇಬರಿಗೆ ಕೈ ಮುಗಿದು, "ಬತ್ತೀನಿ ಸಾ, ಅಸ ಕರೀಬೇಕು" ಎಂದು ಹೇಳಿ ಬಾಗಿಲ ಕಡೆ ನಡೆದಳು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ತಪ್ಪಿಸಿಕೊಂಡ ಕರುವನ್ನು ತಡೆಯುವವನ ಹಾಗೆ ಎರಡೂ ಕೈ ಅಗಲಿಸಿ ನಿಂತ. ಅವಳು ನಿಲ್ಲದೆ ಹತ್ತಿರ ಬಂದಾಗ ಹೆಂಗಸನ್ನು ಮುಟ್ಟಬಾರದು ಅನ್ನುವುದು ನೆನಪಾಗಿ ಎರಡೂ ಕೈ ಎತ್ತಿಕೊಂಡು ಪಕ್ಕಕ್ಕೆ ಸರಿದ. ಅವಳು ಮೆಟ್ಟಿಲಿಳಿದಳು.

"ರೀ ರತ್ನಮ್ಮ! ಏನ್ ನೋಡ್ತಾ ನಿಂತಿದ್ದೀರಿ? ಹಿಡೀರ್ರೀ ಅವಳ್ನ!"

ಅಷ್ಟು ಗಂಡಸರಿರುವ ಠಾಣೆಯಲ್ಲಿ ಅವಳನ್ನು ತಡೆಯಬಹುದಾಗಿದ್ದವಳು ನಾನೊಬ್ಬಳೇ. ಸಾಹೇಬರ ದನಿಗೆ ನನ್ನ ಕಾಲು ತಾನಾಗಿ ಓಡಿತು. ಅಂಗಳದಲ್ಲಿ ಅವಳ ಹಿಂದೆ ಒಂದು ಮಾರು ದೂರದಲ್ಲಿದ್ದೆ. ಕೈಯೂ ಮುಂದೆ ಹೋಯಿತು, ಇನ್ನೇನು ಅವಳ ರಟ್ಟೆ ಸಿಗಬೇಕು. ಹಿಡಿದ ಮೇಲೆ ಅವಳು ತಿರುಗಿ ಯಾಕೆ ಅಂದರೆ ಏನು ಹೇಳಲಿ ಎನ್ನುವುದು ಆಗ ಹೊಳೆಯಿತು. ಕೈ ಅಲ್ಲೇ ನಿಂತಿತು. ನಾನು ಸಾಹೇಬರ ಕಡೆ ತಿರುಗಿದೆ.

"ಸಾ, ಏನಂತ ಹಿಡೀಲಿ?"

ನಾನು ಎದುರುತ್ತರ ಕೊಟ್ಟದ್ದಲ್ಲ. ಸಾಹೇಬರು ಏನಾದರೂ ಒಂದು ಹೇಳಿದ್ದರೆ ಹಿಡಿದುಬಿಡುತ್ತಿದ್ದೆನೇನೋ. ಅವರು ಗುರುಸ್ವಾಮಿಯವರ ಕಡೆ ನೋಡಿದರು. ಗುರುಸ್ವಾಮಿ ನಿಧಾನವಾಗಿ ಎದ್ದು ಬಂದು ಅವರ ಪಕ್ಕದಲ್ಲಿ ನಿಂತು, ಗುಟ್ಟು ಹೇಳುವವರ ಹಾಗೆ, ಆದರೆ ಎಲ್ಲರಿಗೂ ಕೇಳಿಸುವಂತೆ ಅಂದರು:

"ಹಿಡಿದ್ರೆ ಅರೆಸ್ಟ್ ತೋರಿಸ್ಬೇಕಾಯ್ತದೆ ಸಾ. ಕೋರ್ಟಿಗೆ ಕರ್ಕೊಂಡ್ ಹೋಗ್ಬೇಕಾಯ್ತದೆ. ಯಾವ ಕೇಸು ಅಂತ ಬರೀಲಿ?"

ಯಜಮಾನರು, "ಏನ್ ಸಾ ಇದು, ಒಂದ್ ಎಂಗ್ಸುನ್ನ..." ಎಂದು ಶುರು ಮಾಡಿದರು. ಸಾಹೇಬರು ಅವರ ಮೇಲೆ ರೇಗಿದರು. "ನೀವು ಸುಮ್ನಿರ್ರೀ. ಬೆಳಿಗ್ಗೆಯಿಂದ ನನ್ನ ಕುರ್ಚಿ ಮುಂದೆ ಕೂತು ನನಗೆ ಪೊಲೀಸ್ ಕೆಲಸ ಹೇಳಿಕೊಡ್ತಿದ್ದೀರಿ." ಅಷ್ಟು ಹೊತ್ತಿಗೆ ಚಿಕ್ಕತಾಯಮ್ಮ ಗೇಟು ದಾಟಿ, ರಸ್ತೆ ದಾಟಿ, ಬನ್ನೂರಿನ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು. ಹಿಂದೆ ತಿರುಗಿ ನೋಡಲೇ ಇಲ್ಲ. ಬಿಸಿಲು ಇನ್ನೂ ಚೆನ್ನಾಗಿತ್ತು. ಹಾಲು ಕರೆಯುವ ಹೊತ್ತಿಗೆ ಊರು ಸೇರುತ್ತಾಳೆ ಎಂದು ಲೆಕ್ಕ ಹಾಕಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಗತಿ ಏನು ಅನ್ನುವುದು ಸ್ವಲ್ಪ ಹೊತ್ತು ಮರೆತೇಹೋಗಿತ್ತು.

ಸಾಹೇಬರು ನೆನಪಿಸಿದರು. ಕರ್ತವ್ಯಲೋಪಕ್ಕೆ ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಮೆಮೊ ಕೊಡುತ್ತೇನೆ, ನಾಳೆ ಬಂದು ಉತ್ತರ ಬರೆದುಕೊಡಿ ಅಂದರು. ರಾತ್ರಿ ಮನೆಗೆ ಬಂದು ಗಂಡನಿಗೆ ವಿಷಯ ಹೇಳಿದೆ. ಅವರು ರವಿಕೆಗೆ ಗುಂಡಿ ಹಚ್ಚುತ್ತಿದ್ದವರು ದಾರ ಕಚ್ಚಿ, "ಹೋದ್ರೆ ಹೋಗ್ಲಿ ಬಿಡು, ಅಂಗಡಿಗೆ ಇನ್ನೊಂದು ಮಿಷನ್ ಹಾಕಣ" ಅಂದರು. ಅದಕ್ಕೆ ದುಡ್ಡೆಲ್ಲಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮಾರನೆಯ ದಿನ ನಾನು ಆ ಠಾಣೆಗೆ ಹೋಗಿ ಉತ್ತರ ಬರೆಯಲು ಬಿಳಿ ಹಾಳೆ ಕೇಳುತ್ತಿದ್ದೆ. ಅಂಗಳದಲ್ಲಿ ಗದ್ದಲವಾಯಿತು. ನೋಡಿದರೆ ಚಿಕ್ಕತಾಯಮ್ಮ! ಒಬ್ಬ ಬಡಕಲು ಗಂಡಸನ್ನು ಮುಂಗೈ ಹಿಡಿದು ದರದರ ಎಳೆದುಕೊಂಡು ಬರುತ್ತಿದ್ದಾಳೆ. ಮೂಳೆ ಮುರಿದ ಶೂರ ಇವನೇ ಅಂದರೆ ನಂಬುವುದು ಕಷ್ಟ. ಬೆಳಿಗ್ಗೆ ಹಾಲು ಹಾಕಿ ಬಂದವಳೇ ಸುತ್ತಲ ನೆಂಟರ ಮನೆಗಳಿಗೆಲ್ಲ ಹೊಕ್ಕು, ಕೊನೆಗೆ ತನ್ನ ಭಾವನ ಕಬ್ಬಿನ ಗದ್ದೆಯ ಗುಡಿಸಲಲ್ಲಿ ಅವನನ್ನು ಪತ್ತೆ ಹಚ್ಚಿದ್ದಳು. ಮೂರು ಜನ ಕ್ರೈಂ ಸಿಬ್ಬಂದಿಯಿಂದ ಆಗದ ಕೆಲಸ.

"ಇವ್ನೇ ಕಣ್ ಸಾ ಕೈ ಮುರ್ದೋನು. ಇವ್ನ ಇಡ್ಕೊಳಿ. ಇಡ್ದಿದ್ದೀವಿ ಅಂತ ಬರ್ಕೊಳಿ."

ನಿಂಗರಾಜು ತಲೆ ಬಗ್ಗಿಸಿ, "ಒಡೀತಾರೆ ಅಂತ ಎದ್ರುಕೊಂಡಿದ್ದೆ ಸಾ" ಅಂದ.

"ಒಡ್ಯಂಗಿಲ್ಲ ಕಣೋ. ಗ್ವಾಡೆ ಮ್ಯಾಲೆ ಬರ್ದದೆ. ಅಲ್ವಾ ಸಾ?"

ಸಾಹೇಬರು ಗೋಡೆ ನೋಡಿದರು, ಅವಳನ್ನು ನೋಡಿದರು. "ಹೊಡೆಯಲ್ಲ ಕಣಮ್ಮ" ಅಂದರು. ಅವರು ಆ ಮಾತು ಉಳಿಸಿಕೊಂಡರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಗುರುಸ್ವಾಮಿ ಹೊಸದಾಗಿ ಬಂದಿದ್ದ ಬಂಧನದ ನಮೂನೆ ಹುಡುಕಿ ತೆಗೆದು ಧೂಳು ಕೊಡವಿ ಬರೆಯತೊಡಗಿದರು. ಬಂಧುಗಳೊಬ್ಬರು ಸಾಕ್ಷಿಗೆ ಸಹಿ ಹಾಕಬೇಕು ಎನ್ನುವ ಜಾಗದಲ್ಲಿ ಚಿಕ್ಕತಾಯಮ್ಮ ಗಂಡನ ಅರೆಸ್ಟಿಗೆ ತಾನೇ ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳುತ್ತಾ, ಕೋರ್ಟಿಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ, ವಕೀಲರನ್ನು ಎಲ್ಲಿ ಹುಡುಕಬೇಕು, ಬುತ್ತಿ ತಂದರೆ ಕೊಡಲು ಬಿಡುತ್ತೀರಾ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಗಂಡನಿಗೆ, "ಮುಚ್ಕೊಂಡ್ ಇರು, ಕೇಳಿದ್ದಕ್ ನಿಜ ಯೋಳು" ಎಂದು ಗದರಿದಳು. ಆಮೇಲೆ ಅವನ ಅಂಗಿಯ ಬಿಚ್ಚಿದ್ದ ಗುಂಡಿ ಹಾಕಿದಳು.

ಹೊರಡುವ ಹೊತ್ತಿಗೆ ಸಾಹೇಬರಿಗೆ ತಡೆಯಲಾಗಲಿಲ್ಲ. ಹಿಂದಿನ ದಿನದ ಅವಮಾನ ಇನ್ನೂ ಕುಟುಕುತ್ತಿತ್ತು ಅಂತ ಕಾಣುತ್ತದೆ, ಆದರೂ ಮುಖದಲ್ಲಿ ಅರ್ಧ ನಗು ಇತ್ತು. "ಅಲ್ಲಮ್ಮ, ನಿನ್ನೆ ಅಷ್ಟು ಧೈರ್ಯವಾಗಿ ಎದ್ದು ಹೋದ್ಯಲ್ಲ, ಈ ರತ್ನಮ್ಮ ನಿನ್ನ ಹಿಡ್ಕೊಂಡಿದ್ರೆ ಏನ್ಮಾಡ್ತಿದ್ದೆ?"

ಚಿಕ್ಕತಾಯಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ನನ್ನ ಕಡೆ ತಿರುಗಿ ನೋಡಿದಳು, ಮತ್ತೆ ಅವರ ಕಡೆ ನೋಡಿದಳು.

"ಗ್ವಾಡೆ ಮ್ಯಾಲಿಂದ ಓದಿ ಯೋಳ್ದೋರೇ ಇಡೀತಾರಾ ಸಾ?"

ಸಾಹೇಬರು ಒಳಗೆ ಹೋದರು. ಮೆಮೊ ವಿಷಯವನ್ನು ಮತ್ತೆ ಎತ್ತಲಿಲ್ಲ. ಹಿಂದಿನ ದಿನ ಅಂಗಳದಲ್ಲಿ ನನ್ನ ಕೈ ಅವಳ ರಟ್ಟೆಯ ತನಕ ಹೋಗಿದ್ದನ್ನು ಅವಳು ನೋಡಿರಲಿಲ್ಲ. ನಾನು ಹಿತ್ತಲ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟು, ಯಾರಿಗೂ ಕೇಳಿಸದ ಹಾಗೆ ಅತ್ತೆ.